ಗುರು ಬದಲಾದರೆ ಶಿಷ್ಯ ಬೆಳೆದಾನೆ?

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಒಂದು ತಂಡ ಹೀನಾಯವಾಗಿ ಸೋತಿತೆಂದರೆ ಮಾರನೆಯ ದಿನವೇ ಒಂದು ಕೂಗು ಏಳುತ್ತದೆ: ಕ್ವಾರ್ಟರ್‌ಬ್ಯಾಕ್ ಹುಡುಗರಿಗೆ ಕಲಿಸುವ ತರಬೇತುದಾರನನ್ನು ಬದಲಾಯಿಸಿ! ಈ ಕೂಗು ನ್ಯಾಯವಾದುದೆ ಎಂಬುದೇ ನನ್ನ ಲೇಖನದ ವಿಷಯ. ನಮ್ಮ ಕಾಲೇಜಿನ ಮೈದಾನದಲ್ಲಿ ಕಬಡ್ಡಿ, ವಾಲಿಬಾಲ್ ಬಿಟ್ಟರೆ ಬೇರೆ ಆಟವಿಲ್ಲ. ಹೀಗಿರುವಾಗ ಎಲ್ಲಿಯ ಅಮೆರಿಕ, ಎಲ್ಲಿಯ ಕ್ವಾರ್ಟರ್‌ಬ್ಯಾಕ್ ಎಂದು ಸಹಪಾಠಿಗಳು ನಗಬಹುದು. ನಗಲಿ. ಹಾಸ್ಟೆಲಿನಲ್ಲಿ ಊಟವಾದ ಮೇಲೆ ಮೊಬೈಲಿನಲ್ಲಿ ಈ ಆಟವನ್ನು ನಾನು ಮೊದಮೊದಲು ನೋಡಿದುದು ಅದರ ಗುದ್ದಾಟಕ್ಕಾಗಿ. ಈಗ ನೋಡುವುದು, ಅಲ್ಲಿ ಒಬ್ಬ ಹುಡುಗನನ್ನು ಹೇಗೆ ತಯಾರು ಮಾಡುತ್ತಾರೆ ಎಂಬ ಕುತೂಹಲಕ್ಕಾಗಿ.

ಆಟದ ಪರಿಚಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಹೆಸರು ಕಾಲ್ಚೆಂಡಾದರೂ ಚೆಂಡಿಗೆ ಕಾಲು ತಗಲುವುದು ಅಪರೂಪ. ಎರಡು ಕಡೆ ಚೂಪಾದ ಚರ್ಮದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೆ ಎಸೆಯಬೇಕು. ಪಕ್ಷಕ್ಕೆ ಹನ್ನೊಂದು ಜನ. ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಆರು ಅಂಕ. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬಂದು ಸೇರುವುದು ಕ್ವಾರ್ಟರ್‌ಬ್ಯಾಕ್ ಎಂಬವನ ಕೈಗೆ. ಆನೆಯಂಥ ನಾಲ್ಕೈದು ಮಂದಿ ತನ್ನ ಮೇಲೆ ಬೀಳಲು ನುಗ್ಗಿ ಬರುತ್ತಿರುವಾಗ ಮೂರು ಸೆಕೆಂಡಿನೊಳಗೆ ಅವನು ಯಾರಿಗೆ ಎಸೆಯಬೇಕು, ಅಥವಾ ಎಸೆಯಲೇಬಾರದೆ ಎಂದು ತೀರ್ಮಾನಿಸಬೇಕು.

ಇವನಿಗೆ ಕಲಿಸುವುದಕ್ಕೆಂದೇ ಪ್ರತ್ಯೇಕ ತರಬೇತುದಾರರಿರುತ್ತಾರೆ. ಅವರು ಕಲಿಸುವುದು ಮುಖ್ಯವಾಗಿ ಕಾಲನ್ನು ಮತ್ತು ಕಣ್ಣನ್ನು. ಮೂರು ಹೆಜ್ಜೆ ಹಿಂದೆ ಸರಿದು ಎಸೆಯುವುದು ಯಾವಾಗ, ಐದು ಹೆಜ್ಜೆ ಸರಿಯುವುದು ಯಾವಾಗ. ಮೊದಲು ಯಾರ ಕಡೆ ನೋಡಬೇಕು, ಅವನಿಗೆ ಕಾವಲು ಬಿದ್ದಿದ್ದರೆ ಎರಡನೆಯವನಾರು, ಮೂರನೆಯವನಾರು. ಹಳೆಯ ಪಂದ್ಯಗಳ ಚಿತ್ರಗಳನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿ, ಇಲ್ಲಿ ನೀನೇನು ಕಂಡೆ ಎಂದು ಕೇಳುತ್ತಾರೆ. ಇಷ್ಟಾದರೂ ಒಂದು ದೊಡ್ಡ ತೊಡಕಿದೆ. ತಂಡದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳು ನಾಲ್ಕೈದು ಮಂದಿಯಾದರೂ ಆಡುವವನು ಒಬ್ಬನೇ. ಋತುವಿನ ಕಾಲದಲ್ಲಿ ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸಬಾರದೆಂದು ನಿಯಮ. ಅದರಲ್ಲಿ ಸಿಂಹಪಾಲು ಶನಿವಾರ ಆಡಲಿರುವವನಿಗೆ ಹೋಗುತ್ತದೆ. ಉಳಿದವರು ಬದಿಯಲ್ಲಿ ನಿಂತು ನೋಡಿ ಕಲಿಯಬೇಕು. ಆದುದರಿಂದ ಇಂದು ಹೇಳಿಕೊಟ್ಟ ಪಾಠ ಕೈಗೂಡುವುದು ಎರಡೋ ಮೂರೋ ವರ್ಷದ ಮೇಲೆ. ಅಷ್ಟು ಹೊತ್ತಿಗೆ ಹೇಳಿಕೊಟ್ಟವರು ಅಲ್ಲಿರುತ್ತಾರೆಯೆ?

ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಕಥೆ ನೋಡಿ. ಅದೂ ನಮ್ಮ ಕಾಲೇಜಿನಂತೆ ಸರ್ಕಾರದ್ದೇ. ವ್ಯತ್ಯಾಸವೆಂದರೆ ಕೊಲಂಬಸ್ ನಗರದಲ್ಲಿರುವ ಅದರ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕುಳಿತುಕೊಳ್ಳಬಹುದು. ೨೦೧೪ರಲ್ಲಿ ಋತು ಆರಂಭವಾಗುವ ಮೊದಲೇ ಅವರ ಮೊದಲನೆಯ ಕ್ವಾರ್ಟರ್‌ಬ್ಯಾಕ್ ಬ್ರಾಕ್ಸ್‌ಟನ್ ಮಿಲ್ಲರ್ ಗಾಯಗೊಂಡ. ಎರಡನೆಯವನಾದ ಜೆ. ಟಿ. ಬ್ಯಾರೆಟ್ ೩೪ ಟಚ್‌ಡೌನ್ ಎಸೆದು, ಕೊನೆಗೆ ಮಿಷಿಗನ್ ವಿರುದ್ಧ ಕಾಲಿನ ಕೀಲು ಮುರಿದುಕೊಂಡ. ಉಳಿದವನು ಮೂರನೆಯವನಾದ ಕಾರ್ಡೇಲ್ ಜೋನ್ಸ್. ಈತ ಹಿಂದೆ ೨೦೧೨ರಲ್ಲಿ, ಫುಟ್‌ಬಾಲ್ ಆಡಲು ಬಂದವನಿಗೆ ತರಗತಿ ಏತಕ್ಕೆ ಎಂದು ಬಹಿರಂಗವಾಗಿಯೇ ಕೇಳಿ ಊರೆಲ್ಲ ನಗಿಸಿದವನು. ನಮ್ಮಲ್ಲಿಯೂ ಕೆಲವರಿಗೆ ಈ ಪ್ರಶ್ನೆ ಪ್ರಿಯವಾದೀತು. ಅವರ ಗಮನಕ್ಕೆ, ಆತ ೨೦೧೭ರಲ್ಲಿ ಪದವಿಯನ್ನೂ ಪಡೆದ. ಇರಲಿ. ಈ ಮೂರನೆಯ ಹುಡುಗ ವಿಸ್ಕಾನ್ಸಿನ್ ವಿರುದ್ಧ ೫೯–೦, ಅಲಬಾಮಾ ವಿರುದ್ಧ ೪೨–೩೫, ೨೦೧೫ರ ಜನವರಿಯಲ್ಲಿ ಆರೆಗಾನ್ ವಿರುದ್ಧ ೪೨–೨೦ ಗೆಲ್ಲಿಸಿ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟ. ಬದಿಯಲ್ಲಿ ನಿಂತಿದ್ದವನನ್ನು ಇಷ್ಟು ಸಿದ್ಧಪಡಿಸಿದ್ದ ತರಬೇತುದಾರರು ಟಾಮ್ ಹರ್ಮನ್. ಆ ವರ್ಷದ ಶ್ರೇಷ್ಠ ಸಹಾಯಕ ತರಬೇತುದಾರರೆಂಬ ಬ್ರಾಯ್ಲ್ಸ್ ಬಹುಮಾನ ಅವರಿಗೆ ಬಂತು. ಒಡನೆಯೇ ಹ್ಯೂಸ್ಟನ್‌ನಲ್ಲಿ ಮುಖ್ಯ ತರಬೇತುದಾರರಾಗಿ ಹೊರಟುಹೋದರು.

ಅವರ ಜಾಗಕ್ಕೆ ಬಂದವರು ನೆಬ್ರಾಸ್ಕದಿಂದ ಟಿಮ್ ಬೆಕ್. ಎರಡು ವರ್ಷ ಕಲಿಸಿದರು. ೨೦೧೬ರಲ್ಲಿ ಬ್ಯಾರೆಟ್ ಎಸೆದ ಟಚ್‌ಡೌನ್ ೨೪ಕ್ಕೆ ಇಳಿದಿತ್ತು. ಆದರೂ ತಂಡ ಹನ್ನೊಂದು ಪಂದ್ಯ ಗೆದ್ದಿತ್ತು. ಆ ವರ್ಷದ ಕೊನೆಯ ದಿನ, ಡಿಸೆಂಬರ್ ೩೧ರಂದು, ಕ್ಲೆಮ್‌ಸನ್ ವಿರುದ್ಧ ೩೧–೦ ಸೋಲು. ಮುಖ್ಯ ತರಬೇತುದಾರ ಅರ್ಬನ್ ಮೇಯರ್ ಅವರ ತಂಡ ಒಂದಂಕವನ್ನೂ ಗಳಿಸದೆ ಸೋತದ್ದು ಅದೇ ಮೊದಲು. ಕೆಲವು ದಿನಗಳಲ್ಲಿ ಬೆಕ್ ಟೆಕ್ಸಸ್‌ಗೆ ಹೋದರು, ವೃತ್ತಿಪರ ತಂಡದಿಂದ ರಯಾನ್ ಡೇ ಬಂದರು. ಅಭಿಮಾನಿಗಳಿಗೆ ಸಮಾಧಾನವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ನಮ್ಮ ಗಾದೆ ಅವರಿಗೆ ತಿಳಿಯದು.

ಬೆಕ್ ನಿಜವಾಗಿಯೂ ಕಲಿಸಲು ಬಾರದವರೆ? ಅವರು ಹೋದ ಟೆಕ್ಸಸ್‌ನಲ್ಲಿ ೨೦೧೮ರಲ್ಲಿ ಸ್ಯಾಮ್ ಎಲಿಂಗರ್ ಎಂಬ ಹುಡುಗ ಸತತವಾಗಿ ೩೦೮ ಎಸೆತಗಳಲ್ಲಿ ಒಂದನ್ನೂ ಎದುರಾಳಿಯ ಕೈಗೆ ಕೊಡದೆ ಬಿಗ್ ೧೨ ಕೂಟದ ದಾಖಲೆ ಮಾಡಿದ. ಬೆಕ್ ಮುಂದೆ ನಾರ್ತ್ ಕೆರೊಲಿನಾ ಸ್ಟೇಟ್‌ಗೆ ಹೋದಾಗ ಅಲ್ಲಿ ಡೆವಿನ್ ಲಿಯರಿ ೨೦೨೧ರಲ್ಲಿ ೩೫ ಟಚ್‌ಡೌನ್ ಎಸೆದು, ಫಿಲಿಪ್ ರಿವರ್ಸ್ ಹೆಸರಿನಲ್ಲಿದ್ದ ಆ ಕಾಲೇಜಿನ ದಾಖಲೆಯನ್ನು ಮುರಿದ. ಮನುಷ್ಯ ಅದೇ, ಪಾಠವೂ ಹೆಚ್ಚುಕಡಿಮೆ ಅದೇ ಇದ್ದೀತು.

ಇನ್ನೊಂದು ಕಡೆಯಿಂದ ನೋಡೋಣ. ಬೆಕ್ ಕಾಲದಲ್ಲಿ ಕೊಲಂಬಸ್‌ನಲ್ಲಿ ಬದಿಗೆ ನಿಂತಿದ್ದ ಹುಡುಗರು ಯಾರು? ಒಬ್ಬ ಡ್ವೇನ್ ಹ್ಯಾಸ್ಕಿನ್ಸ್. ೨೦೧೮ರಲ್ಲಿ ಅವನಿಗೆ ಆಡುವ ಸರದಿ ಬಂದಾಗ ೪,೮೩೧ ಗಜ, ೫೦ ಟಚ್‌ಡೌನ್ ಎಸೆದ. (೨೦೨೨ರ ಏಪ್ರಿಲ್‌ನಲ್ಲಿ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ, ಅವನ ಆಟವನ್ನು ಈಗ ನೋಡುವಾಗ ಮನಸ್ಸಿಗೆ ಕಷ್ಟವಾಗುತ್ತದೆ.) ಇನ್ನೊಬ್ಬ ಜೋ ಬರೋ. ಅವನ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಬರೋ ೨೦೧೫ರಲ್ಲಿ ಓಹಿಯೋ ಸ್ಟೇಟ್ ಸೇರಿದ. ಮೊದಲ ವರ್ಷ ಆಡಲೇ ಇಲ್ಲ. ಮುಂದಿನ ಎರಡು ವರ್ಷಗಳಲ್ಲಿ ಅವನಿಗೆ ಪಂದ್ಯಗಳಲ್ಲಿ ಸಿಕ್ಕಿದ ಎಸೆತ ಒಟ್ಟು ೩೯. ಬೆಕ್ ಅವರಿಂದ ಎರಡು ವರ್ಷ, ಡೇ ಅವರಿಂದ ಒಂದು ವರ್ಷ ಕಲಿತ. ಪದವಿ ಮುಗಿಸಿಕೊಂಡು, ಹ್ಯಾಸ್ಕಿನ್ಸ್ ಮುಂದಿರುವನೆಂದು ಕಂಡು, ೨೦೧೮ರ ಮೇ ತಿಂಗಳಿನಲ್ಲಿ ಲೂಸಿಯಾನ ಸ್ಟೇಟ್‌ಗೆ ಹೊರಟ. ಅಲ್ಲಿ ಮೊದಲ ವರ್ಷ ೧೬ ಟಚ್‌ಡೌನ್, ಸಾಧಾರಣ. ೨೦೧೯ರಲ್ಲಿ ಮೂವತ್ತೂ ತುಂಬದ ಜೋ ಬ್ರೇಡಿ ಎಂಬ ತರಬೇತುದಾರರು ಚೆಂಡೆಸೆತದ ಯೋಜನೆ ಮಾಡಲು ಬಂದರು. ಆ ವರ್ಷ ಬರೋ ಎಸೆದದ್ದು ೬೦ ಟಚ್‌ಡೌನ್. ಆ ಮಟ್ಟದ ಕಾಲೇಜು ಆಟದಲ್ಲಿ ಅಲ್ಲಿಯವರೆಗೆ ಒಂದು ಋತುವಿನಲ್ಲಿ ಯಾರೂ ಅಷ್ಟು ಎಸೆದಿರಲಿಲ್ಲ. ಹದಿನೈದಕ್ಕೆ ಹದಿನೈದು ಪಂದ್ಯ ಗೆಲುವು, ರಾಷ್ಟ್ರ ಪ್ರಶಸ್ತಿ, ಹೀಸ್‌ಮನ್ ಟ್ರೋಫಿ. ಆ ಟ್ರೋಫಿ ಸ್ವೀಕರಿಸುವ ಭಾಷಣದಲ್ಲಿ ಅವನು ತಾನು ಬೆಳೆದ ಬಡ ಜಿಲ್ಲೆಯಲ್ಲಿ ಹಸಿದು ಮನೆಗೆ ಹೋಗುವ ಮಕ್ಕಳನ್ನು ನೆನೆದ. ಅದನ್ನು ಕೇಳಿದ ಜನ ಅಲ್ಲಿನ ಅನ್ನದ ಭಂಡಾರಕ್ಕೆ ಐದು ಲಕ್ಷ ಡಾಲರಿಗೂ ಹೆಚ್ಚು ಕಳುಹಿಸಿದರು.

ಈಗ ಕೀರ್ತಿಯೆಲ್ಲ ಬ್ರೇಡಿಗೆ. ಬ್ರಾಯ್ಲ್ಸ್ ಬಹುಮಾನವೂ ಅವರಿಗೇ. ಅವರು ಬುದ್ಧಿವಂತರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬರೋ ಕಾಲೇಜು ಸೇರಿ ಆಗಲೇ ಐದನೆಯ ವರ್ಷ. ಅವನ ತಂದೆಯೂ ಫುಟ್‌ಬಾಲ್ ತರಬೇತುದಾರರೇ. ಯೋಜನೆಯ ಮುಖ್ಯಸ್ಥ ಸ್ಟೀವ್ ಎನ್ಸ್‌ಮಿಂಗರ್ ಎರಡು ವರ್ಷವೂ ಬದಲಾಗದೆ ಜೊತೆಗಿದ್ದರು. ಕೊಲಂಬಸ್‌ನಲ್ಲಿ ಬದಿಯಲ್ಲಿ ನಿಂತು ಕಳೆದ ಮೂರು ವರ್ಷಗಳನ್ನು ಯಾವ ಖಾತೆಗೆ ಬರೆಯಬೇಕು? ಮರುವರ್ಷ ಬರೋ ಹೋದ, ಬ್ರೇಡಿಯೂ ಹೋದರು. ಲೂಸಿಯಾನ ಸ್ಟೇಟ್ ಐದು ಗೆದ್ದು ಐದು ಸೋತಿತು. ಬ್ರೇಡಿ ಹೋದುದರಿಂದ ಸೋತರೆಂದು ಹೇಳುವವರಿದ್ದಾರೆ. ಆ ವರ್ಷ ತಂಡದ ಹದಿನಾಲ್ಕು ಆಟಗಾರರು ವೃತ್ತಿಪರ ತಂಡಗಳಿಗೆ ಆಯ್ಕೆಯಾಗಿ ಹೊರಟುಹೋಗಿದ್ದರೆಂಬುದನ್ನು ಅವರು ಮರೆಯುತ್ತಾರೆ.

ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮೂರು ವರ್ಷಗಳಲ್ಲಿ ನನ್ನ ಇಂಗ್ಲಿಷ್ ಪಾಠಕ್ಕೆ ಐವರು ಅತಿಥಿ ಉಪನ್ಯಾಸಕರು ಬಂದುಹೋದರು. ಪ್ರತಿಯೊಬ್ಬರೂ ಮೊದಲ ತಿಂಗಳನ್ನು ನಮಗೆ ಏನು ಬರುತ್ತದೆ, ಏನು ಬಾರದು ಎಂದು ತಿಳಿಯುವುದರಲ್ಲಿ ಕಳೆದರು. ತಿಳಿಯುವ ಹೊತ್ತಿಗೆ ಹೊರಟರು. ಎರಡನೆಯವರು ಹೇಳಿಕೊಟ್ಟ ವಾಕ್ಯರಚನೆ ನನ್ನ ತಲೆಗೆ ಹತ್ತಿದುದು ನಾಲ್ಕನೆಯವರ ಕಾಲದಲ್ಲಿ. ಅಂಕ ಬಂದುದು ಐದನೆಯವರ ಕಾಲದಲ್ಲಿ. ಫಲಿತಾಂಶದ ದಿನ ಎರಡನೆಯವರು ಯಾವ ಊರಿನಲ್ಲಿದ್ದರೋ ನನಗೆ ತಿಳಿಯದು. ಬೆಕ್ ಅವರ ವಿಷಯ ಓದುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಹಾಗಾದರೆ ತರಬೇತುದಾರರನ್ನು ಬದಲಾಯಿಸಲೇಬಾರದೆ? ಹಾಗೆಂದು ನಾನು ಹೇಳಲಾರೆ. ಡೇ ಬಂದುದರಿಂದ ಓಹಿಯೋ ಸ್ಟೇಟ್‌ಗೆ ನಿಜವಾದ ಲಾಭವಾಯಿತು. ೧೯೮೨ರಿಂದೀಚೆಗೆ ಅಲ್ಲಿಯ ಒಬ್ಬ ಕ್ವಾರ್ಟರ್‌ಬ್ಯಾಕ್ ಕೂಡ ವೃತ್ತಿಪರ ಆಯ್ಕೆಯ ಮೊದಲ ಸುತ್ತಿನಲ್ಲಿ ಆರಿಸಲ್ಪಟ್ಟಿರಲಿಲ್ಲ. ಡೇ ಬಂದ ಮೇಲೆ ೨೦೧೯ರಲ್ಲಿ ಹ್ಯಾಸ್ಕಿನ್ಸ್, ೨೦೨೧ರಲ್ಲಿ ಜಸ್ಟಿನ್ ಫೀಲ್ಡ್ಸ್, ೨೦೨೩ರಲ್ಲಿ ಸಿ. ಜೆ. ಸ್ಟ್ರೌಡ್ ಹೀಗೆ ಆಯ್ಕೆಯಾದರು. ಆದರೆ ಡೇ ಬಂದ ಮೊದಲ ವರ್ಷ ಬ್ಯಾರೆಟ್ ಎಸೆದ ಟಚ್‌ಡೌನ್ ೩೫. ಹರ್ಮನ್ ಕಾಲದಲ್ಲಿ ೩೪. ಹೊಸ ಗುರು ಅವನನ್ನು ಮೊದಲಿದ್ದಲ್ಲಿಗೆ ಮರಳಿ ತಂದರು, ಅಷ್ಟೆ. ಫಸಲು ಕೈಗೆ ಬಂದುದು ಮುಂದಿನ ವರ್ಷಗಳಲ್ಲಿ. ಕಾರಣ, ಡೇ ಅಲ್ಲಿಯೇ ನಿಂತರು, ೨೦೧೯ರಲ್ಲಿ ಮುಖ್ಯ ತರಬೇತುದಾರರೂ ಆದರು.

ಆ ಡೇ ಅವರೇ ೨೦೨೩ರ ಸೋಲಿನ ನಂತರ ಏನು ಮಾಡಿದರೆಂಬುದು ವಿಚಿತ್ರ. ಆ ವರ್ಷದ ಕ್ವಾರ್ಟರ್‌ಬ್ಯಾಕ್ ಕೈಲ್ ಮೆಕಾರ್ಡ್ ಎರಡು ವರ್ಷ ಸ್ಟ್ರೌಡ್ ಹಿಂದೆ ಕಾದಿದ್ದವನು. ಹನ್ನೊಂದು ಪಂದ್ಯ ಗೆದ್ದು, ಮಿಷಿಗನ್ ವಿರುದ್ಧ ೩೦–೨೪ ಸೋತ. ಆ ಒಂದು ಸೋಲಿನ ನಂತರ ಹುಡುಗ ಸಿರಾಕ್ಯೂಸ್‌ಗೆ ಹೊರಟುಹೋದ. ೨೦೨೪ರ ಆರಂಭದಲ್ಲಿ ಕ್ವಾರ್ಟರ್‌ಬ್ಯಾಕ್ ತರಬೇತುದಾರ ಕೋರಿ ಡೆನಿಸ್ ಅವರನ್ನೂ ಬದಲಾಯಿಸಿದರು. ಸ್ಟ್ರೌಡ್ ಆಡುತ್ತಿದ್ದಾಗಲೂ ಆ ಹುದ್ದೆಯಲ್ಲಿದ್ದವರು ಇದೇ ಡೆನಿಸ್. ಅವರ ಜಾಗಕ್ಕೆ ಬಂದ ಬಿಲ್ ಓಬ್ರಿಯನ್ ಒಂದು ತಿಂಗಳೂ ನಿಲ್ಲದೆ ಬಾಸ್ಟನ್ ಕಾಲೇಜಿಗೆ ಹೋದರು. ಆಮೇಲೆ ಚಿಪ್ ಕೆಲ್ಲಿ ಬಂದರು, ಒಂದು ವರ್ಷದ ಮೇಲೆ ಅವರೂ ಹೋದರು. ನಮ್ಮ ಇಂಗ್ಲಿಷ್ ತರಗತಿಗೆ ಸರಿಯಾದ ಜೋಡಿ! ಮೆಕಾರ್ಡ್ ಸಿರಾಕ್ಯೂಸ್‌ನಲ್ಲಿ ೨೦೨೪ರಲ್ಲಿ ೪,೭೭೯ ಗಜ ಎಸೆದು ದೇಶಕ್ಕೇ ಮೊದಲಿಗನಾದ.

ಇಷ್ಟಾದರೂ ಅದೇ ಋತುವಿನಲ್ಲಿ ಓಹಿಯೋ ಸ್ಟೇಟ್ ರಾಷ್ಟ್ರ ಪ್ರಶಸ್ತಿ ಗೆದ್ದಿತಲ್ಲ ಎಂದು ಯಾರಾದರೂ ಕೇಳಿದರೆ, ಹೌದು, ಗೆದ್ದಿತು. ಗೆಲ್ಲಿಸಿದ ವಿಲ್ ಹವರ್ಡ್ ನಾಲ್ಕು ವರ್ಷ ಕಲಿತದ್ದು ಕ್ಯಾನ್ಸಸ್ ಸ್ಟೇಟ್‌ನಲ್ಲಿ. ೨೦೨೧ರಿಂದ ಆಟಗಾರರು ಕಾಲೇಜು ಬದಲಾಯಿಸಿದರೆ ಒಂದು ವರ್ಷ ಸುಮ್ಮನೆ ಕೂರಬೇಕೆಂಬ ಕಟ್ಟು ಸಡಿಲವಾಯಿತು. ೨೦೨೪ರಲ್ಲಿ ಎಷ್ಟು ಸಲವಾದರೂ ಬದಲಾಯಿಸಬಹುದೆಂದಾಯಿತು. ೨೦೧೭ರಿಂದ ೨೦೨೩ರವರೆಗೆ ಹೀಸ್‌ಮನ್ ಪಡೆದ ಆರು ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಐವರು ಕಾಲೇಜು ಬದಲಾಯಿಸಿದವರು. ಅವರಲ್ಲೊಬ್ಬ ಕೇಲಬ್ ವಿಲಿಯಮ್ಸ್, ಓಕ್ಲಹಾಮದಿಂದ ಹೊರಟ ತನ್ನ ಗುರು ಲಿಂಕನ್ ರೈಲಿಯವರ ಬೆನ್ನು ಹತ್ತಿ ಕ್ಯಾಲಿಫೋರ್ನಿಯಕ್ಕೆ ಹೋದವನು. ಗುರುಕುಲದ ಕಾಲದಲ್ಲಿ ಇದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಹುಡುಗರು ಹೋಗುವುದನ್ನು ನಾನು ದೂರುವುದಿಲ್ಲ. ಆಡಲು ಸಿಗುವ ನಾಲ್ಕೇ ವರ್ಷಗಳಲ್ಲಿ ಎಷ್ಟು ದಿನ ಕಾದಾರು? ಆದರೆ ಹೀಗೆ ಬೆಳೆದ ಪೈರನ್ನು ತರುವುದು ಸುಲಭವಾದಾಗ ಬೀಜ ಬಿತ್ತುವ ತರಬೇತುದಾರನಿಗೆ ಯಾರು ನಾಲ್ಕು ವರ್ಷದ ಅವಕಾಶ ಕೊಡುತ್ತಾರೆ? ಹಣದ ಕೊರತೆಯಂತೂ ಅಲ್ಲ. ೨೦೨೩ರಲ್ಲಿ ಟೆಕ್ಸಸ್ ಎ ಅಂಡ್ ಎಮ್ ಎಂಬ ಸರ್ಕಾರಿ ವಿಶ್ವವಿದ್ಯಾನಿಲಯ ತನ್ನ ಮುಖ್ಯ ತರಬೇತುದಾರರಿಗೆ, ಇನ್ನು ಕೆಲಸಕ್ಕೆ ಬರಬೇಡಿ ಎನ್ನುವುದಕ್ಕೆ, ಏಳೂವರೆ ಕೋಟಿ ಡಾಲರಿಗೂ ಹೆಚ್ಚು ಕೊಡಲು ಒಪ್ಪಿಕೊಂಡಿತು!

ನನ್ನ ಕೈಯಲ್ಲಿ ಅಧಿಕಾರವಿದ್ದಿದ್ದರೆ ನಾನು ಮಾಡುತ್ತಿದ್ದುದು ಇಷ್ಟೆ. ಕ್ವಾರ್ಟರ್‌ಬ್ಯಾಕ್ ತರಬೇತುದಾರರನ್ನು ನಾಲ್ಕು ವರ್ಷ ಯಾರೂ ಮುಟ್ಟಬಾರದೆಂದು ಬರೆದುಕೊಡುತ್ತಿದ್ದೆ. ವರ್ಷದ ಕೊನೆಗೆ ಆಡಿದವನ ಅಂಕಿಗಳನ್ನು ಬದಿಗಿಟ್ಟು, ಒಂದು ಪಂದ್ಯವನ್ನೂ ಆಡದ ಮೂರನೆಯ ಹುಡುಗನನ್ನು ಕರೆದು, ಹೋದ ವರ್ಷ ನಿನಗೆ ಕಾಣದಿದ್ದುದು ಈ ವರ್ಷ ಏನು ಕಾಣುತ್ತಿದೆ ಎಂದು ಕೇಳುತ್ತಿದ್ದೆ. ಬಿಟ್ಟುಹೋದ ಹುಡುಗರು ಬೇರೆಡೆ ಹೇಗೆ ಆಡಿದರೆಂಬ ಲೆಕ್ಕವನ್ನೂ ಅದೇ ತರಬೇತುದಾರರ ಪುಟದಲ್ಲಿ ಬರೆದಿಡುತ್ತಿದ್ದೆ, ಅವರು ಆ ವೇಳೆಗೆ ಎಲ್ಲಿದ್ದರೂ ಸರಿ.