ಕೊಳಗ ಯಾರ ಕೈಯಲ್ಲಿದೆ?



ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೇಲುಕೀಳಿಲ್ಲ, ಎಲ್ಲರೂ ಸಮಾನರು ಎಂಬ ಮಾತು ಸತ್ಯವಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆಯ ಧಾರಣೆ, ಎಲೆಚುಕ್ಕಿ ರೋಗದ ಔಷಧಿ, ಊರಿನ ಸಾವುನೋವುಗಳ ಸುದ್ದಿ ಇಂದು ಈ ಗುಂಪುಗಳ ಮೂಲಕ ಮನೆ ತಲುಪುತ್ತಿದೆ. ಆದುದರಿಂದ ಅಲ್ಲಿ ಅಧಿಕಾರ ಯಾರದೆಂಬುದು ಊರಿನ ಪ್ರಶ್ನೆಯೇ ಆಗಿದೆ.

ಗುಂಪನ್ನು ತೆರೆದವನೇ ಅಡ್ಮಿನ್. ಅವನನ್ನು ಯಾರೂ ಆರಿಸಿಲ್ಲ. ಅವನಿಗೆ ಅವಧಿಯೂ ಇಲ್ಲ. ಆರಂಭದಲ್ಲಿ ಅದು ಸೇವೆಯೇ. 2016ರಲ್ಲಿ 256 ಇದ್ದ ಸದಸ್ಯರ ಮಿತಿ 2022ರಲ್ಲಿ 1024ಕ್ಕೆ ಏರಿತು. 2018ರಲ್ಲಿ ಅಡ್ಮಿನ್‌ಗಳಷ್ಟೇ ಬರೆಯಬಹುದಾದ ಏರ್ಪಾಡು ಬಂದಿತು. 2022ರಲ್ಲಿ ಅನ್ಯರ ಸಂದೇಶವನ್ನು ಎಲ್ಲರ ಪಾಲಿಗೂ ಅಳಿಸುವ ಅಧಿಕಾರವೂ ಅವರಿಗೆ ದೊರೆಯಿತು. ಹೀಗೆ ಸೇವೆಯು ಯಜಮಾನಿಕೆಯಾಯಿತು.

'ಸದಸ್ಯರು ಏನಾದರೂ ಬರೆದರೆ ಕೇಸು ನಮ್ಮ ಮೇಲೆ' ಎಂಬುದು ಅವರ ಸಮರ್ಥನೆ. ಸದಸ್ಯರ ಬರಹಕ್ಕೆ ಅಡ್ಮಿನ್ ಎಂಬ ಕಾರಣದಿಂದಲೇ ಯಾರೂ ಹೊಣೆಯಾಗರೆಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. 'ಒಪ್ಪದಿದ್ದರೆ ಗುಂಪು ಬಿಡಿ' ಎಂಬುದು ಇನ್ನೊಂದು ಮಾತು. ಧಾರಣೆ ತಿಳಿಯಲು ಬೇರೆ ದಾರಿಯಿಲ್ಲದ ಸಣ್ಣ ಹಿಡುವಳಿದಾರನಿಗೆ ಹೀಗೆನ್ನುವುದು, ಗೇಣಿದಾರನಿಗೆ ಗದ್ದೆ ಬಿಟ್ಟು ಹೋಗೆಂದಂತೆಯೇ ಸರಿ.

ಗೇಣಿಯ ಮಾತು ಬಂದುದರಿಂದ ನಮ್ಮ ಕಾಗೋಡನ್ನೇ ನೆನೆಯೋಣ. 1951ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳುತನದಲ್ಲಿ ಗೇಣಿದಾರರು ಎದ್ದುನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಂದಿನ ತಕರಾರು ಗೇಣಿಯ ಭತ್ತವನ್ನು ಅಳೆಯುವ ಕೊಳಗದ್ದು. ಅಳತೆಯೇ ಬೇಡವೆಂದು ಯಾರೂ ಹೇಳಲಿಲ್ಲ. ಒಡೆಯನ ಕೈಯಲ್ಲಿ ಕೊಳಗ ಹಿಗ್ಗಬಾರದೆಂದರು. ಗುಂಪಿಗೂ ಕಟ್ಟುಪಾಡು ಬೇಕು, ಬೈಗುಳ ತಡೆಯಬೇಕು, ಸುಳ್ಳುಸುದ್ದಿ ನಿಲ್ಲಬೇಕು. ಆದರೆ ಆ ಕಟ್ಟುಪಾಡಿನ ಕೊಳಗ ಒಬ್ಬನ ಕೈಯಲ್ಲಿ ಉಳಿಯಕೂಡದು.

ಮಾಡಬೇಕಾದುದು ಕಷ್ಟದ್ದಲ್ಲ. ಅಡ್ಮಿನ್‌ಗಳು ಮೂವರಾದರೂ ಇರಲಿ, ಅವರಲ್ಲಿ ಒಬ್ಬ ಹೆಣ್ಣುಮಗಳು ಇರಲಿ. ವರುಷಕ್ಕೊಮ್ಮೆ ಅವರು ಬದಲಾಗಲಿ. ಯಾರನ್ನಾದರೂ ತೆಗೆಯುವ ಮುನ್ನ ಕಾರಣವನ್ನು ಎಲ್ಲರೆದುರು ಹೇಳಲಿ.

ಗಂಡ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬಾ ಎಂದವಳು ಲಕ್ಕಮ್ಮ. ಮಾರಯ್ಯ ಕೋಪಗೊಳ್ಳಲಿಲ್ಲ, ಹಿಂದಿರುಗಿಸಿದ. ಕೇಳಬಲ್ಲವರು ಗುಂಪಿನಲ್ಲಿರಬೇಕು, ಕೇಳಿದವರನ್ನು ಹೊರಹಾಕದ ಅಡ್ಮಿನ್ ಇರಬೇಕು. ಇಲ್ಲದಿದ್ದರೆ ಸಮಾನತೆಯ ಮಾತನ್ನಾದರೂ ನಿಲ್ಲಿಸೋಣ.