‘ರೂಢಿಯ ಚಿಕಿತ್ಸೆ’ ಎಂದರೆ ಏನೂ ಇಲ್ಲದಿರುವುದೇ?

ಹೊಸ ಮದ್ದು ಅಥವಾ ತಪಾಸಣೆಯ ಫಲ ತಿಳಿಯಲು ವೈದ್ಯರು ಜನರನ್ನು ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಹೊಸದು, ಇನ್ನೊಂದಕ್ಕೆ ಈಗಾಗಲೇ ರೂಢಿಯಲ್ಲಿರುವುದು. ಹೋಲಿಕೆಯಿಲ್ಲದೆ ಸತ್ಯ ತಿಳಿಯದು, ಇದನ್ನು ನಾವು ಒಪ್ಪುತ್ತೇವೆ. ಆದರೆ ಬಡವರ ಪಾಲಿಗೆ ರೂಢಿಯಲ್ಲಿ ಏನೂ ಇಲ್ಲದಿದ್ದರೆ?

1998ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ನೆರವಿನಿಂದ ಗರ್ಭಕಂಠದ ಕ್ಯಾನ್ಸರ್ ಕುರಿತು ಪ್ರಯೋಗ ಆರಂಭಿಸಿತು. ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ, ಗರ್ಭಕಂಠಕ್ಕೆ ವಿನೆಗರ್‌ನಂಥ ದ್ರಾವಣ ಹಚ್ಚಿ ಬರಿಗಣ್ಣಿನಿಂದ ನೋಡುವ ಅಗ್ಗದ ತಪಾಸಣೆ ನಡೆಯಿತು. ಉಳಿದವರಿಗೆ ಸಿಕ್ಕಿದ್ದು ಕ್ಯಾನ್ಸರ್ ಬಗ್ಗೆ ಒಂದು ಸಲದ ತಿಳಿವಳಿಕೆ ಮಾತ್ರ. ಮಹಾರಾಷ್ಟ್ರದ ಉಸ್ಮಾನಾಬಾದ್ ಮತ್ತು ತಮಿಳುನಾಡಿನ ದಿಂಡಿಗಲ್‌ನಲ್ಲೂ ಇಂಥ ಪ್ರಯೋಗಗಳು ನಡೆದವು. ಮೂರರಲ್ಲೂ ತಪಾಸಣೆ ಸಿಗದ ಗುಂಪಿನಲ್ಲಿದ್ದವರು ಒಟ್ಟು 1,38,624 ಮಂದಿ. ಇವರಲ್ಲಿ ಕನಿಷ್ಠ 254 ಮಂದಿ ಇದೇ ಕ್ಯಾನ್ಸರಿನಿಂದ ಮೃತಪಟ್ಟರೆಂದು 2014ರಲ್ಲಿ ಟೀಕಾಕಾರರು ಬರೆದರು.

ಸಂಶೋಧಕರ ಸಮರ್ಥನೆಯನ್ನೂ ಕೇಳಬೇಕು. ದೇಶದಲ್ಲಿ ಆಗ ಸಾರ್ವತ್ರಿಕ ತಪಾಸಣಾ ಕಾರ್ಯಕ್ರಮವೇ ಇರಲಿಲ್ಲ, ಆದ್ದರಿಂದ ಯಾರಿಂದಲೂ ಏನನ್ನೂ ಕಸಿದುಕೊಂಡಂತಾಗಲಿಲ್ಲ ಎಂಬುದು ಅವರ ವಾದ. ಮುಂಬಯಿಯಲ್ಲಿ ತಪಾಸಣೆಗೊಳಗಾದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆಯಾಯಿತು. 2016ರಲ್ಲಿ ಕೇಂದ್ರ ಸರಕಾರದ ಮಾರ್ಗಸೂಚಿ ಇದೇ ವಿಧಾನವನ್ನು ಸೇರಿಸಿಕೊಂಡಿತು. ಇದು ಸಣ್ಣ ಲಾಭವಲ್ಲ.

ಆದರೂ ಈ ವಾದ ನಮಗೆ ಪೂರ್ಣವಾಗಿ ಒಪ್ಪಿಗೆಯಾಗದು. ಶ್ರೀಮಂತ ದೇಶಗಳಲ್ಲಿ ಪ್ಯಾಪ್ ಪರೀಕ್ಷೆ ದಶಕಗಳಿಂದ ಜೀವ ಉಳಿಸುತ್ತಿತ್ತು. ಪ್ರಯೋಗಕ್ಕೆ ಹಣ ಕೊಟ್ಟ ದೇಶದಲ್ಲಿ ಅಲ್ಲಿನ ಮಹಿಳೆಯರನ್ನು ಹೀಗೆ ತಪಾಸಣೆಯಿಲ್ಲದೆ ವರ್ಷಗಟ್ಟಲೆ ಬಿಡಲು ಯಾರೂ ಒಪ್ಪುತ್ತಿರಲಿಲ್ಲ. ನಮ್ಮ ಸರಕಾರಗಳ ನಿರ್ಲಕ್ಷ್ಯದಿಂದ ಉಂಟಾದ ಕೊರತೆಗೆ ‘ರೂಢಿ’ ಎಂಬ ಹೆಸರಿಟ್ಟರೆ ಅದು ನ್ಯಾಯವಾಗುವುದಿಲ್ಲ. ಪ್ಯಾಪ್ ಪರೀಕ್ಷೆ ಎಂಬುದೊಂದಿದೆ, ಅದನ್ನು ಬೇರೆಡೆ ಮಾಡಿಸಿಕೊಳ್ಳಬಹುದು ಎಂದು ಆ ಮಹಿಳೆಯರಿಗೆ ಸ್ಪಷ್ಟವಾಗಿ ತಿಳಿಸುವುದು ಕನಿಷ್ಠ ಕರ್ತವ್ಯವಾಗಿತ್ತು.

ನಮ್ಮ ಊರುಗಳಲ್ಲಿ ಆರೋಗ್ಯ ಶಿಬಿರಗಳಿಗೆ ಜನರನ್ನು ಕರೆತರುವವರು ಹೆಚ್ಚಾಗಿ ವಾಳೆಯ ಗುರಿಕಾರರು ಮತ್ತು ಮಹಿಳಾ ಸಂಘಗಳ ಸದಸ್ಯೆಯರು. ಸಂಶೋಧನೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಅವರು ಮೂರು ಪ್ರಶ್ನೆ ಕೇಳಲಿ: ಎರಡನೇ ಗುಂಪಿಗೆ ಸಿಗುವುದೇನು? ಅದಕ್ಕಿಂತ ಉತ್ತಮವಾದುದು ಬೇರೆಡೆ ಸಿಗುತ್ತದೆಯೇ? ಪ್ರಯೋಗ ಮುಗಿದ ಮೇಲೆ ಈ ಗುಂಪಿಗೂ ಅದರ ಫಲ ದೊರೆಯುವುದೇ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 30ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಈ ತಪಾಸಣೆ ಒಮ್ಮೆಯಾದರೂ ಆದವರು ಶೇ. 2ಕ್ಕಿಂತಲೂ ಕಡಿಮೆ. ಪ್ರಯೋಗದ ಫಲ ತಿಳಿದ ಮೇಲೂ ನಮ್ಮ ರೂಢಿ ಬದಲಾಗದಿದ್ದರೆ, ಹೋಲಿಕೆಯ ಗುಂಪಿನಲ್ಲಿ ತೀರಿಕೊಂಡ ಆ ಮಹಿಳೆಯರ ಋಣ ನಮ್ಮ ಮೇಲೆಯೇ ಉಳಿಯುತ್ತದೆ.