ಸರಿಯಾದ ವಿಳಾಸ ಕೊಡಿ

ಪಂಚಮಿಗೆಂದು ಹೆಂಡತಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ತವರಿಗೆ ಹೋಗುತ್ತಾಳೆ. ದೀಪಾವಳಿ ಬಂದರೂ ಕರೆಯಲು ಯಾರೂ ಬರುವುದಿಲ್ಲ. ಫೋನ್ ಮಾಡಿದರೆ "ಇನ್ನೊಂದೀಟು ದಿನಾ ಅಲ್ಲೇ ಇರು, ಮನಿ ರಿಪೇರಿ ನಡದೈತಿ" ಎಂಬ ಉತ್ತರ. ಅಷ್ಟರಲ್ಲಿ ಗಂಡ ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನದ ಅರ್ಜಿ ಹಾಕಿರುತ್ತಾನೆ. ಅದರಲ್ಲಿ ಹೆಂಡತಿಯ ವಿಳಾಸವೆಂದು ಬರೆಸಿರುವುದು ತನ್ನದೇ ಮನೆಯ ವಿಳಾಸ! ಸಮನ್ಸ್ ಹಿಡಿದು ಬೇಲಿಫ್ ಬರುತ್ತಾನೆ. ಅತ್ತೆ ಸಹಿ ಮಾಡಿ ತೆಗೆದುಕೊಂಡು ಕಪಾಟಿನೊಳಗೆ ಇಡುತ್ತಾಳೆ. ಇಲ್ಲವೇ ಬಾಗಿಲು ಹಾಕಿರುತ್ತದೆ, ಬೇಲಿಫ್ ಬಾಗಿಲಿಗೆ ಅಂಟಿಸಿ ಹೋಗುತ್ತಾನೆ. ಅದೂ ಸಾಲದಾದರೆ ಪತ್ರಿಕೆಯ ಒಳಪುಟದಲ್ಲಿ, ಟೆಂಡರು ಮತ್ತು ಹೆಸರು ಬದಲಾವಣೆಯ ಪ್ರಕಟಣೆಗಳ ನಡುವೆ, ಸಣ್ಣ ಅಕ್ಷರದ ಒಂದು ನೋಟೀಸು. ತಾರೀಖಿನ ದಿನ ಕೋರ್ಟಿನ ಬಾಗಿಲಲ್ಲಿ ಆಕೆಯ ಹೆಸರು ಕೂಗುತ್ತಾರೆ. ಆಕೆ ಆ ಹೊತ್ತಿಗೆ ತವರಿನ ಅಡುಗೆಮನೆಯಲ್ಲಿ ಮಗುವಿಗೆ ಅನ್ನ ಕಲಸುತ್ತಿರುತ್ತಾಳೆ. ಗೈರು ಎಂದು ಬರೆದುಕೊಳ್ಳುತ್ತಾರೆ. ಏಕಪಕ್ಷೀಯ ಎಂದು ಬರೆದುಕೊಳ್ಳುತ್ತಾರೆ.

ಹೆಂಡತಿ ಹೀಗೆ ಮಾಡುವುದೂ ಇದೆ. ಗಂಡ ಬೆಂಗಳೂರಿನ ಯಾವ ಕಂಪನಿಯಲ್ಲಿ ದುಡಿಯುತ್ತಾನೆಂದು ಗೊತ್ತಿದ್ದೂ, ಎಂದೋ ಬಿಟ್ಟ ಧಾರವಾಡದ ಬಾಡಿಗೆ ಮನೆಯ ವಿಳಾಸ ಕೊಡುವುದು. ಅವನಿಗೆ ಡಿಕ್ರಿಯಾದ ಮೇಲೆ ತಿಳಿಯುತ್ತದೆ. ಯಾರು ಮಾಡಿದರೂ ಇದು ವಂಚನೆಯೇ.

ಬೇರೆಯಾಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕೂಡಿ ಬಾಳಲು ಆಗದವರು ಬೇರೆಯಾಗಲಿ. ನಮ್ಮ ಭಾಗಕ್ಕೆ ಇದು ಹೊಸದೂ ಅಲ್ಲ. ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, ಅಂದರೆ 1955ರ ಹಿಂದೂ ವಿವಾಹ ಕಾಯ್ದೆಗಿಂತ ಎಂಟು ವರ್ಷ ಮೊದಲೇ, 1947ರ ಮುಂಬೈ ಹಿಂದೂ ವಿಚ್ಛೇದನ ಕಾಯ್ದೆ ಇಲ್ಲಿ ಜಾರಿಗೆ ಬಂದಿತ್ತು. ಅದಕ್ಕೂ ಹಿಂದೆ ಎಷ್ಟೋ ಸಮುದಾಯಗಳಲ್ಲಿ ಹಿರಿಯರನ್ನು ಕೂಡಿಸಿ ಸೋಡಚೀಟಿ, ಅಂದರೆ ಬಿಡುಗಡೆಯ ಕಾಗದ, ಕೊಡುವ ರೂಢಿಯಿತ್ತು. ಆ ಪಂಚಾಯ್ತಿಗಳಲ್ಲಿ ಹೆಣ್ಣಿಗೆ ನ್ಯಾಯ ಸಿಗುತ್ತಿತ್ತೆಂದು ನಾನು ನಂಬುವುದಿಲ್ಲ. ಆದರೂ ಮಾತು ಹಿರಿಯರ ಎದುರಿಗೇ ನಡೆಯುತ್ತಿತ್ತು, ಗುಟ್ಟಾಗಿ ಅಲ್ಲ. ಓದು ಕಲಿತ ನಾವು ಅಷ್ಟನ್ನೂ ಕಳೆದುಕೊಳ್ಳಬೇಕೆ?

ಮಗುವಿನ ಕಡೆಯಿಂದ ನೋಡಿ. ವಿಚ್ಛೇದನದ ದಾವೆಯಲ್ಲಿಯೇ ಮಗು ಯಾರ ಹತ್ತಿರ ಇರಬೇಕು, ಅದರ ಖರ್ಚು, ಓದು ಏನು ಎಂದು ಆದೇಶ ಮಾಡುವ ಅಧಿಕಾರ ಅದೇ 1955ರ ಕಾಯ್ದೆಯ 26ನೇ ಕಲಮಿನಲ್ಲಿದೆ. ಒಬ್ಬರೇ ನಿಂತ ಕೋರ್ಟಿನಲ್ಲಿ ಮಗುವಿನ ಸುದ್ದಿ ಒಂದೇ ಬಾಯಿಂದ ಬರುತ್ತದೆ. ಜ್ವರ ಬಂದಾಗ ಅದು ಯಾರ ಮಗ್ಗುಲಲ್ಲಿ ಮಲಗುತ್ತದೆ, ಸಾಲಿಗೆ ಯಾರು ಬಿಟ್ಟು ಬರುತ್ತಾರೆ, ಯಾವುದಕ್ಕೆ ಹೆದರುತ್ತದೆ, ಇವನ್ನು ಹೇಳಬೇಕಾದವರು ಅಲ್ಲಿರುವುದಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಮೊದಲು ರಾಜಿಗೆ ಪ್ರಯತ್ನಿಸಿರಿ ಎನ್ನುತ್ತದೆ. ಖಾಲಿ ಕುರ್ಚಿಯ ಜೊತೆ ಯಾವ ರಾಜಿ? ನಾಳೆ ಆ ಮಗು ದೊಡ್ಡದಾಗಿ ಕೋರ್ಟಿನ ಕಾಗದ ಓದುತ್ತದೆ. ತಮ್ಮವ್ವ ಬರಲೇ ಇಲ್ಲ, ಅಪ್ಪ ಬರಲೇ ಇಲ್ಲ ಎಂದು ಅಲ್ಲಿ ಬರೆದಿರುತ್ತದೆ. ಆ ಸುಳ್ಳನ್ನು ಬರೆಸಿದವರು ಆಗ ಮಗುವಿಗೆ ಏನು ಹೇಳುತ್ತೀರಿ?

ಗುಟ್ಟಾಗಿ ದಾವೆ ಹಾಕಿಸಿಕೊಂಡವರೇ, ಈಗ ನಿಮ್ಮೊಡನೆ ಮಾತು. ತಿಳಿದ ದಿನ ಎದೆ ಧಸಕ್ಕೆನ್ನುತ್ತದೆ. ಮನೆಯಲ್ಲಿ ಒಬ್ಬರು "ನಡೀರಿ, ಗಾಡಿ ತಗೊಂಡು ಹೋಗಿ ಕೇಳೇಬಿಡೋಣು" ಎನ್ನುತ್ತಾರೆ. ಇನ್ನೊಬ್ಬರು "ನೋಟೀಸ್ ತಗೋಬ್ಯಾಡ, ವಾಪಸ್ ಕಳಸು" ಎನ್ನುತ್ತಾರೆ. ಇಬ್ಬರ ಮಾತನ್ನೂ ಕೇಳಬೇಡಿ. ಬೇಡವೆಂದು ಹಿಂದಿರುಗಿಸಿದ ರಜಿಸ್ಟರ್ ಅಂಚೆಯನ್ನು ಕೋರ್ಟು ಮುಟ್ಟಿದಂತೆಯೇ ಹಿಡಿಯುತ್ತದೆ. ನೋಟೀಸು ತೆಗೆದುಕೊಳ್ಳಿ, ಬಂದ ತಾರೀಖನ್ನು ಲಕೋಟೆಯ ಮೇಲೆ ಬರೆದಿಡಿ, ಕೇಸಿನ ನಂಬರು ಹಿಡಿದು ಮರುದಿನವೇ ಕೋರ್ಟಿಗೆ ಹೋಗಿ. ಹುಬ್ಬಳ್ಳಿ ವಿದ್ಯಾನಗರದಲ್ಲಿ 2018ರಲ್ಲಿ ತೆರೆದ ಕೋರ್ಟ್ ಸಂಕೀರ್ಣ ಬಹಳ ದೊಡ್ಡದು, ಮೊದಲ ಸಲ ಹೋದವರಿಗೆ ದಿಕ್ಕೇ ತೋಚುವುದಿಲ್ಲ. ನಾಚಿಕೆಪಡದೆ ಕೇಳಿ. ಏಕಪಕ್ಷೀಯ ಎಂದು ಬರೆದಿದ್ದರೂ ಡಿಕ್ರಿಯಾಗುವ ಮುಂಚೆ ಹೋಗಿ ಕಾರಣ ಹೇಳಿದರೆ ಕೋರ್ಟು ನಿಮ್ಮನ್ನು ಒಳಗೆ ಕರೆದುಕೊಳ್ಳಬಹುದು. ಡಿಕ್ರಿಯೇ ಆಗಿದ್ದರೂ, ಸಮನ್ಸ್ ಸರಿಯಾಗಿ ಮುಟ್ಟದಿದ್ದಲ್ಲಿ, ನಿಮಗೆ ತಿಳಿದ ದಿನದಿಂದ 30 ದಿನದೊಳಗೆ ಅದನ್ನು ರದ್ದು ಮಾಡಿರೆಂದು ಕೇಳುವ ಹಕ್ಕಿದೆ. ಆ 30 ದಿನಗಳನ್ನು ಅಳುವುದರಲ್ಲಿ ಕಳೆಯಬೇಡಿ. ಅಷ್ಟರಲ್ಲಿ ಅತ್ತ ಮರುಮದುವೆಯಾದರೆ ಗಂಟು ಕಗ್ಗಂಟಾಗುತ್ತದೆ. ದಾವೆ ಪುಣೆಯಲ್ಲಿ ಹಾಕಿದ್ದರೆ ಅದನ್ನು ಇಲ್ಲಿಗೆ ತರಿಸಿಕೊಡಿ ಎಂದು ಸುಪ್ರೀಂ ಕೋರ್ಟನ್ನು ಕೇಳಬಹುದು, ಬೆಂಗಳೂರಿನಲ್ಲಾದರೆ ಹೈಕೋರ್ಟನ್ನು. ಪೋಟಗಿಗೂ (ಜೀವನಾಂಶಕ್ಕೂ) ದಾವೆಯ ಖರ್ಚಿಗೂ ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನ ಅರ್ಜಿ ಹಾಕಿ. ಇಬ್ಬರೂ ತಮ್ಮ ಆಸ್ತಿ-ಆದಾಯದ ಪ್ರಮಾಣಪತ್ರ ಕೊಡಲೇಬೇಕೆಂದು 2020ರಲ್ಲಿ ರಜನೀಶ್-ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಮನೆಯಲ್ಲಿ ಕೂರಬೇಡಿ. ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡಬೇಕೆಂದು 1987ರ ಕಾಯ್ದೆಯೇ ಹೇಳಿದೆ. ಫೋನ್ 15100.

ಒಂದನ್ನು ಮಾತ್ರ ಮಾಡಬೇಡಿ. ಸಿಟ್ಟಿನಲ್ಲಿ ಮಗುವನ್ನು ಊರು ಬಿಡಿಸಿ ಬಚ್ಚಿಡಬೇಡಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕೆಂದು ಹಿಂದೂ ಮಕ್ಕಳ ಪಾಲಕತ್ವದ 1956ರ ಕಾಯ್ದೆ ಹೇಳುತ್ತದೆ, ಆದರೆ ಎಲ್ಲಕ್ಕೂ ಮೇಲಿನದು ಮಗುವಿನ ಹಿತ ಎಂದೂ ಅದೇ ಕಾಯ್ದೆ ಹೇಳುತ್ತದೆ. ಅವರು ನಿಮ್ಮಿಂದ ವಿಷಯ ಮುಚ್ಚಿಟ್ಟರೆಂದು ನೀವು ಮಗುವನ್ನು ಮುಚ್ಚಿಟ್ಟರೆ, ಎರಡೂ ಕಡೆ ಮೋಸಹೋಗುವುದು ಅದೇ ಪುಟ್ಟ ಜೀವ.

ಹೊಡೆತ ತಾಳದೆ ಓಡಿಬಂದ ಹೆಣ್ಣುಮಗಳು ತಾನಿರುವ ಜಾಗವನ್ನು ಗಂಡನಿಂದ ಮುಚ್ಚಿಡುವುದು ಬೇರೆ ಮಾತು. ಅದು ಜೀವದ ಪ್ರಶ್ನೆ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಆಕೆಯ ಬೆನ್ನಿಗಿದೆ. ಆಕೆಯೂ ಗಂಡನ ವಿಳಾಸವನ್ನು ಸುಳ್ಳು ಬರೆಸಬೇಕಾಗಿಲ್ಲ.

ಎಲ್ಲ ಗೊತ್ತಿದ್ದೂ ಬಾಯಿ ಬಿಡದ ಕಾಕಾಗಳೇ, ಚಿಗವ್ವಗಳೇ, ಓಣಿಯ ಹಿರಿಯರೇ, "ನಮಗ್ಯಾಕ ಬೇಕ್ರಿ ಮಂದಿ ಮನಿ ಉಸಾಬರಿ" ಎನ್ನಬೇಡಿ. ಮದುವೆಯಲ್ಲಿ ಅಕ್ಷತೆ ಹಾಕಲು ಹೋಗಿದ್ದಿರಿ. ಈಗ ಆ ಹುಡುಗಿಗೆ, ಆ ಹುಡುಗನಿಗೆ ಒಂದು ಫೋನ್ ಮಾಡಿ, "ನಿನ್ನ ಮ್ಯಾಲೆ ಕೇಸ್ ಐತಿ, ಹೋಗಿ ನೋಡು" ಎಂದು ಹೇಳಿ. ಬಾಗಿಲಿಗೆ ಅಂಟಿಸಿದ ಕಾಗದ ಕಂಡರೆ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿ.

ವಕೀಲ ಮಿತ್ರರೇ, ಹೈಕೋರ್ಟ್ ಪೀಠ ಧಾರವಾಡಕ್ಕೆ ಬರಲೆಂದು ನೀವು ಮತ್ತು ನಿಮ್ಮ ಹಿರಿಯರು ವರ್ಷಗಟ್ಟಲೆ ಬೀದಿಗಿಳಿದಿರಿ. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಬಡವನಿಗೆ ನ್ಯಾಯ ಹತ್ತಿರವಾಗಲಿ ಎಂದೇ ಅಲ್ಲವೇ ಆ ಹೋರಾಟ? ಹಾಗಾದರೆ "ಆಕಿಗೆ ಗೊತ್ತಾಗದ್ಹಂಗ ಮುಗಿಸಿಬಿಡ್ರಿ ಸಾಹೇಬ್ರ" ಎನ್ನುವ ಕಕ್ಷಿದಾರನ ವಕಾಲತ್ತು ಹಿಡಿಯಬೇಡಿ. ಅರ್ಜಿ ಟೈಪ್ ಮಾಡಿಸುವ ಮುಂಚೆ ಅವನನ್ನು ಕೇಳಿ: ಆಕೆ ಇವತ್ತು ಯಾವ ಊರಲ್ಲಿದ್ದಾಳೆ, ಯಾರ ಮನೆಯಲ್ಲಿ, ಫೋನ್ ನಂಬರು ಏನು, ಮಗು ಯಾವ ಸಾಲಿಗೆ ಹೋಗುತ್ತದೆ? ಹೇಳಿದ್ದನ್ನೇ ಅರ್ಜಿಯಲ್ಲಿ ಬರೆಸಿ. ಹೇಳದಿದ್ದರೆ ಫೈಲು ಅವನ ಕೈಗೆ ವಾಪಸ್ ಕೊಡಿ.